ಬೆನ್ನ ಹಿಂದೆ 25 ಟನ್

ತೋರಣಗಲ್ಲಿನಿಂದ ಬೆಂಗಳೂರಿಗೆ ಉಕ್ಕಿನ ಕಾಯಿಲ್ ಸಾಗಿಸೋ ಟ್ರೇಲರ್ ಓಡಿಸ್ತೀನಿ. ನಮ್ಮ ಗಾಡಿಗೆ ಪಕ್ಕದಲ್ಲಿ ಹಲಗೆ ಇಲ್ಲ, ಮೇಲೆ ಮುಚ್ಚಳ ಇಲ್ಲ. 25 ಟನ್ ತೂಗೋ ಸುರುಳಿಯನ್ನು ಹಿಡಿದಿಡೋದು ಕೆಳಗಿನ ಮರದ ಬೆಣೆ, ಮೇಲಿನ ಸರಪಳಿ ಅಷ್ಟೇ. "ಮೊದಲು ಕಟ್ಟೋದು ಕಲಿ, ಓಡಿಸೋದು ಆಮೇಲೆ" ಅಂತಿದ್ರು ನನಗೆ ಕೆಲಸ ಕಲಿಸಿದ ಅಣ್ಣ. ಹೊರಟ ಸ್ವಲ್ಪ ದೂರಕ್ಕೇ ಸರಪಳಿ ಸಡಿಲ ಆಗುತ್ತೆ. ಬಳ್ಳಾರಿಗೆ ಮುಂಚೆ ಒಂದ್ಸಲ, ಚಳ್ಳಕೆರೆಯಲ್ಲಿ ಟೀಗೆ ನಿಲ್ಲಿಸಿದಾಗ ಇನ್ನೊಂದ್ಸಲ ಇಳಿದು ಬಿಗಿ ಮಾಡ್ತೀನಿ.

ಹಿರಿಯೂರಲ್ಲಿ ದೊಡ್ಡ ಹೈವೇ ಸೇರಿದ ಮೇಲೆ ನಿಜವಾದ ಭಯ. ಕಾರಿನವರು ಸರ್ರನೆ ಮುಂದೆ ನುಗ್ಗಿ ಬ್ರೇಕ್ ಹಾಕ್ತಾರೆ. ನಾನೂ ಅಷ್ಟೇ ಜೋರಾಗಿ ಒತ್ತಿದ್ರೆ ಕಾಯಿಲ್ ಸರಪಳಿ ಹರ್ಕೊಂಡು ಕ್ಯಾಬಿನ್‌ಗೇ ಬರಬಹುದು.

ದಿನಕ್ಕೆ 8 ಗಂಟೆ ಕೆಲಸ ಅಂತ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ 1961ರಲ್ಲೇ ಹೇಳಿತ್ತು. ನಮಗೆ ದುಡ್ಡು ಮಾತ್ರ ಟ್ರಿಪ್ ಲೆಕ್ಕ. ಗೋದಾಮಿನ ಎದುರು ಕ್ರೇನ್‌ಗೆ ಎರಡು ದಿನ ಕಾದ್ರೂ ಅದಕ್ಕೆ ಸಂಬಳ ಇಲ್ಲ, ಊಟ ಕೈಯಿಂದಲೇ. ಆ ಎರಡು ದಿನವನ್ನು ನಿದ್ದೆಗೆಟ್ಟು ಓಡಿಸಿ ತುಂಬಿಸ್ಕೋಬೇಕು. ಹೊಸದಾಗಿ ತಯಾರಾಗೋ ಲಾರಿಗಳಿಗೆ 2025ರಿಂದ ಏಸಿ ಕ್ಯಾಬಿನ್ ಕಡ್ಡಾಯ ಆಗಿದೆ, ಸಂತೋಷ. ಕಾಯೋ ದಿನಕ್ಕೂ ಕೂಲಿ ಸಿಕ್ಕಿದ್ರೆ ನಿದ್ದೆಯೂ ಸಿಗ್ತಿತ್ತು.

ಓವರ್‌ಟೇಕ್ ಮಾಡ್ಬೇಡಿ ಅನ್ನಲ್ಲ. ಮಾಡಿದ ಮೇಲೆ ನಮ್ಮ ಗಾಡಿ ಪೂರ್ತಿ ಕನ್ನಡಿಯಲ್ಲಿ ಕಾಣೋವರೆಗೂ ಮುಂದೆ ಹೋಗಿ, ಆಮೇಲೆ ಎಡಕ್ಕೆ ಬನ್ನಿ.