ಸರಾಯೆವೊದ ಕಲ್ಲುಸೇತುವೆ

ಬಾಸ್ನಿಯಾದ ರಾಜಧಾನಿ ಸರಾಯೆವೊದ ನಡುವೆ ಹರಿಯುವ ಮಿಲ್ಯಾಟ್ಸ್ಕಾವನ್ನು ನದಿಯೆಂದು ಕರೆಯಲು, ಕಾವೇರಿ ತುಂಗೆಯರನ್ನು ಕಂಡವರಿಗೆ ತುಸು ಸಂಕೋಚವೇ ಆಗುತ್ತದೆ. ಬೇಸಗೆಯಲ್ಲಿ ಹುಡುಗರು ಕೂಡ ನಡೆದು ದಾಟಬಹುದಾದಷ್ಟು ನೀರು. ಅದರ ಮೇಲೆ ತುರ್ಕರ ಆಳ್ವಿಕೆಯ ಕಾಲದ, ನಾಲ್ಕು ಕಮಾನುಗಳ ಒಂದು ಕಲ್ಲಿನ ಸೇತುವೆ. ಲ್ಯಾಟಿನ್ ಸೇತುವೆಯೆಂದು ಅದಕ್ಕೆ ಹೆಸರು. ಸೇತುವೆಯ ಉತ್ತರದ ತುದಿಯಲ್ಲಿ ರಸ್ತೆಯನ್ನು ದಾಟಿದರೆ ಮೂಲೆಯಲ್ಲೊಂದು ಪುಟ್ಟ ವಸ್ತುಸಂಗ್ರಹಾಲಯ. ಅದರ ಹೊರಗೋಡೆಯ ಬಳಿ ನಿಂತು ಭಾವಚಿತ್ರ ತೆಗೆಸಿಕೊಳ್ಳದ ಪ್ರವಾಸಿಗಳು ವಿರಳ.

೧೯೧೪ನೆಯ ಇಸವಿ ಜೂನ್ ೨೮ರಂದು ಈ ಮೂಲೆಯಲ್ಲಿ ಗವ್ರಿಲೊ ಪ್ರಿನ್ಸಿಪ್ ಎಂಬ ತರುಣನು ಹಾರಿಸಿದ ಎರಡು ಗುಂಡುಗಳಿಗೆ ಆಸ್ಟ್ರಿಯಾ-ಹಂಗೆರಿಯ ಯುವರಾಜ ಫ್ರಾನ್ಸ್ ಫರ್ಡಿನಾಂಡನೂ ಅವನ ಪತ್ನಿ ಸೋಫಿಯೂ ಬಲಿಯಾದರು. ಅದರ ಹಿಂದೆಯೇ ಮೊದಲನೆಯ ಮಹಾಯುದ್ಧ ಹೊತ್ತಿಕೊಂಡಿತು. ನಾಲ್ಕು ವರ್ಷಗಳ ತರುವಾಯ ನಮ್ಮ ಮೈಸೂರಿನ ಅಶ್ವದಳವು ಎಲ್ಲಿಯೋ ದೂರದ ಹೈಫಾ ಪಟ್ಟಣದ ಮೇಲೆ ಏರಿಹೋದದ್ದು ಇದೇ ಯುದ್ಧದಲ್ಲಿ.

ಕೊಂದವನ ವಯಸ್ಸು ಹತ್ತೊಂಬತ್ತು. ಅಧ್ಯಾಪಕನಾದ ನನಗೆ ಆ ಮೂಲೆಯಲ್ಲಿ ಎಲ್ಲಕ್ಕಿಂತ ಮಿಗಿಲಾಗಿ ಕಾಡಿದ್ದು ಈ ಸಂಖ್ಯೆಯೇ. ಪ್ರತಿದಿನವೂ ನನ್ನ ಎದುರಿನ ಬೆಂಚುಗಳಲ್ಲಿ ಕುಳಿತುಕೊಳ್ಳುವುದು ಈ ವಯಸ್ಸೇ ಅಲ್ಲವೆ!

ಬಡತನವೇ ಇದಕ್ಕೆ ಕಾರಣವೆಂದು ಹೇಳಿಬಿಡುವುದು ಸುಲಭ. ಬಡತನವಿದ್ದುದೂ ನಿಜ. ಪಶ್ಚಿಮ ಬಾಸ್ನಿಯಾದ ಒಬ್ಲ್ಯಾಯ್ ಎಂಬ ಹಳ್ಳಿಯ ಗೇಣಿದಾರರ ಮನೆಯಲ್ಲಿ ಹುಟ್ಟಿದ ಒಂಬತ್ತು ಮಕ್ಕಳಲ್ಲಿ ಆರು ಶೈಶವದಲ್ಲಿಯೇ ತೀರಿಕೊಂಡವು. ೧೮೭೮ರಲ್ಲಿ ತುರ್ಕರು ಹೋಗಿ ಆಸ್ಟ್ರಿಯದವರು ಬಂದರೂ ಬೆಳೆಯ ಮೂರರಲ್ಲೊಂದು ಪಾಲು ಜಮೀನುದಾರನಿಗೆ ಸಲ್ಲುವುದು ತಪ್ಪಲಿಲ್ಲ. ಆದರೆ ಅಂಥ ಮನೆಗಳು ಸಾವಿರಾರಿದ್ದುವು. ಪಿಸ್ತೂಲು ಹಿಡಿದವರು ಬೆರಳೆಣಿಕೆಯವರು. ಸಂಗಡಿಗರಲ್ಲಿ ಚಾಬ್ರಿನೊವಿಚ್ ಅಚ್ಚಿನ ಮೊಳೆ ಜೋಡಿಸುವವನು, ತಂದೆಯೊಡನೆ ಕಾದಾಡಿ ಮನೆ ಬಿಟ್ಟವನು; ಗ್ರಾಬೆಜ್ ಪಾದ್ರಿಯ ಮಗ; ಚುಬ್ರಿಲೊವಿಚ್ ಹದಿನೇಳರ ವಿದ್ಯಾರ್ಥಿ.

ಓದಿಗಾಗಿ ಹದಿಮೂರನೆಯ ವಯಸ್ಸಿನಲ್ಲಿ ಪಟ್ಟಣ ಸೇರಿದ ಪ್ರಿನ್ಸಿಪ್‌ಗೆ ಪುಸ್ತಕಗಳೇ ಜೊತೆ. ಮೈಕಟ್ಟು ಸಣ್ಣದು, ಮಾತು ಕಡಿಮೆ. ೧೯೧೨ರಲ್ಲಿ ಬಾಲ್ಕನ್ ಯುದ್ಧಕ್ಕೆಂದು ಸರ್ಬಿಯಾದ ಸ್ವಯಂಸೇವಕ ದಳವನ್ನು ಸೇರಲು ಹೋದಾಗ, ನೀನು ತೀರ ಚಿಕ್ಕವನು, ದುರ್ಬಲನು ಎಂದು ಅವನನ್ನು ಹಿಂದಕ್ಕಟ್ಟಿದರು. ಆ ದಿನ ಅವನ ಮನಸ್ಸಿಗೆ ತಗುಲಿದ ಪೆಟ್ಟನ್ನು ಯಾವ ರಾಜಕೀಯ ಗ್ರಂಥದಲ್ಲಿ ಅಳೆಯುವುದು? ಹಸಿವನ್ನು ಸಹಿಸುವ ತರುಣರುಂಟು; ‘ನೀನು ಯಾವ ಕೆಲಸಕ್ಕೂ ಬಾರೆ’ ಎಂಬುದನ್ನು ಸಹಿಸುವವರು ಕಡಿಮೆ.

ಇದರೊಡನೆ ಒಂದು ಗೋರಿಯೂ ಇತ್ತು. ೧೯೧೦ರಲ್ಲಿ ಜೆರಾಯಿಚ್ ಎಂಬ ವಿದ್ಯಾರ್ಥಿಯು ಬಾಸ್ನಿಯಾದ ಗವರ್ನರನ ಮೇಲೆ ಗುಂಡು ಹಾರಿಸಿ, ಗುರಿ ತಪ್ಪಿ, ಕೊನೆಯ ಗುಂಡಿನಿಂದ ತನ್ನನ್ನೇ ಕೊಂದುಕೊಂಡಿದ್ದ. ಪ್ರಿನ್ಸಿಪ್ ಆ ಗೋರಿಯ ಬಳಿಗೆ ಹೋಗುತ್ತಿದ್ದ. ತಾನೂ ಅವನಂತಾಗುವೆನೆಂದು ಅಲ್ಲಿ ಸಂಕಲ್ಪ ಮಾಡಿಕೊಂಡ. ಬದುಕಿರುವ ಗುರುವಾದರೆ ಶಿಷ್ಯನನ್ನು ಎಂದಾದರೊಮ್ಮೆ ತಡೆದಾನು, ಸತ್ತವನು ತಡೆಯಲಾರ.

ಇಷ್ಟಾದರೂ ಬರಿಗೈಯ ಕೋಪ ಬರಿಗೈಯಲ್ಲೇ ಉಳಿಯುತ್ತಿತ್ತೇನೋ. ಬೆಲ್‌ಗ್ರೇಡಿನಲ್ಲಿ ‘ಕಪ್ಪು ಕೈ’ ಎಂಬ ಗುಪ್ತಸಂಘದ ಸೇನಾಧಿಕಾರಿಗಳು ಈ ಹುಡುಗರ ಕೈಗೆ ನಾಲ್ಕು ಪಿಸ್ತೂಲು, ಆರು ಬಾಂಬು, ಮೇಲೆ ಸಾಯಲು ವಿಷವನ್ನೂ ಕೊಟ್ಟರು. ದೊಡ್ಡವರು ಊರಿನಲ್ಲೇ ಉಳಿದರು. ಗಡಿ ದಾಟಿದವರು ಹುಡುಗರು.

ಅಂದು ಮೊದಲು ಬಾಂಬು ಎಸೆದವನು ಚಾಬ್ರಿನೊವಿಚ್. ಅದು ಹಿಂದಿನ ಕಾರಿನ ಬಳಿ ಸಿಡಿಯಿತು. ಅವನು ವಿಷ ನುಂಗಿ ನದಿಗೆ ಹಾರಿದ; ವಿಷ ಕೊಲ್ಲಲಿಲ್ಲ, ಮುಳುಗಲು ನದಿಯಲ್ಲಿ ನೀರೇ ಇರಲಿಲ್ಲ! ಆಮೇಲೆ ಯುವರಾಜನ ಸಾರಥಿಯು ದಾರಿ ತಪ್ಪಿ ತಿರುಗಿ, ಕಾರನ್ನು ನಿಲ್ಲಿಸಿದ್ದು ಪ್ರಿನ್ಸಿಪ್‌ನ ಎದುರಿಗೇ.

ಇಪ್ಪತ್ತು ತುಂಬದವರಿಗೆ ಮರಣದಂಡನೆಯಿಲ್ಲವೆಂಬ ಕಾನೂನಿನಿಂದ ಅವನಿಗೆ ಇಪ್ಪತ್ತು ವರ್ಷಗಳ ಸೆರೆಯಾಯಿತು. ಸೋಫಿಯನ್ನು ಕೊಲ್ಲುವ ಉದ್ದೇಶ ತನಗಿರಲಿಲ್ಲವೆಂದು ಅವನು ಹೇಳಿದ. ಅವಳ ಮೂವರು ಮಕ್ಕಳಿಗೆ ಆ ಮಾತಿನಿಂದೇನು? ತೆರೆಜಿನ್ ಕೋಟೆಯ ಸೆರೆಯಲ್ಲಿ ಕ್ಷಯವು ಅವನ ಮೂಳೆಯನ್ನು ತಿಂದಿತು. ಒಂದು ಕೈಯನ್ನೇ ಕತ್ತರಿಸಿದರು. ೧೯೧೬ರಲ್ಲಿ ತನ್ನನ್ನು ಕಂಡ ಮನೋವೈದ್ಯ ಪಾಪೆನ್‌ಹೈಮನೊಡನೆ, ಇಷ್ಟು ದೊಡ್ಡ ಯುದ್ಧಕ್ಕೆ ತಾನು ಕಾರಣನೆಂದು ನಂಬಲಾರೆನೆಂದಿದ್ದ. ೧೯೧೮ರ ಏಪ್ರಿಲ್ ೨೮ರಂದು ತೀರಿಕೊಂಡ.

ಈ ಮೂಲೆಯ ಗೋಡೆ ಬಹಳ ಸಲ ಮಾತು ಬದಲಿಸಿದೆ. ಆಸ್ಟ್ರಿಯದವರು ೧೯೧೭ರಲ್ಲಿ ಸತ್ತ ದಂಪತಿಗಳಿಗೆ ಇಲ್ಲಿ ಸ್ಮಾರಕ ನಿಲ್ಲಿಸಿದರು. ಅವರ ರಾಜ್ಯದೊಡನೆ ಅದೂ ಹೋಯಿತು. ೧೯೩೦ರಲ್ಲಿ ಕೊಂದವನನ್ನು ಹೊಗಳುವ ಫಲಕ ಬಂತು. ೧೯೪೧ರಲ್ಲಿ ಜರ್ಮನರು ಅದನ್ನು ಕಿತ್ತು ಹಿಟ್ಲರನಿಗೆ ಹುಟ್ಟುಹಬ್ಬದ ಕಾಣಿಕೆಯಾಗಿ ಕಳುಹಿಸಿದರು. ಯುಗೊಸ್ಲಾವಿಯಾದ ದಿನಗಳಲ್ಲಿ ಸೇತುವೆಗೇ ಪ್ರಿನ್ಸಿಪ್‌ನ ಹೆಸರಿಟ್ಟು, ಅವನು ನಿಂತ ತಾಣವೆಂದು ಕಾಂಕ್ರೀಟಿನಲ್ಲಿ ಹೆಜ್ಜೆಗುರುತು ಮೂಡಿಸಿದ್ದರು. ೧೯೯೨ರಲ್ಲಿ ಆರಂಭವಾದ ಯುದ್ಧದಲ್ಲಿ ಅದೂ ಹಾಳಾಯಿತು. ಈಗಿರುವ ಫಲಕ ಹೆಸರು, ದಿನಾಂಕಗಳನ್ನಷ್ಟೇ ಹೇಳಿ ಸುಮ್ಮನಾಗುತ್ತದೆ.

ಸಂಗಡಿಗರಲ್ಲಿ ಉಳಿದುಕೊಂಡ ಚುಬ್ರಿಲೊವಿಚ್ ಮುಂದೆ ಇತಿಹಾಸದ ಪ್ರಾಧ್ಯಾಪಕನಾಗಿ, ಮಂತ್ರಿಯೂ ಆಗಿ, ೧೯೯೦ರವರೆಗೆ ಬಾಳಿದ. ಪ್ರಿನ್ಸಿಪ್‌ನ ಅಸ್ಥಿಗಳನ್ನು ೧೯೨೦ರಲ್ಲಿ ಸರಾಯೆವೊಕ್ಕೆ ತಂದರು. ಕೊಶೆವೊ ಎಂಬಲ್ಲಿನ ಸ್ಮಶಾನದ ಪುಟ್ಟ ಪ್ರಾರ್ಥನಾಮಂದಿರದಲ್ಲಿ ಅವು ಇಂದೂ ಇವೆ. ಗುರಿ ತಪ್ಪಿದ ಆ ಜೆರಾಯಿಚ್‌ನ ಅಸ್ಥಿಗಳೂ ಅಲ್ಲಿಯೇ ಇವೆ.