ಆಯಿಯ ಮಳಿಕಾಲ

ಜೂನ್‌ನಲ್ಲಿ ನನ್ನನ್ನು ನೋಡಲು ಧಾರವಾಡದಿಂದ ಗಂಡಿನ ಮನೆಯವರು ಬಂದಿದ್ದರು. ಮಾತು ಮಳೆಯ ಕಡೆ ತಿರುಗಿತು. ನನ್ನ ಆಯಿ ಖುಷಿಯಿಂದ, "ನಮ್ಮ ಕಣಕುಂಬ್ಯಾಗ ಮಳಿಕಾಲ ಚಾಲೂ ಆತಂದ್ರ ಸೂರ್ಯಾನ ಕಾಣಂಗಿಲ್ರಿ" ಅಂದಳು.

"ಆಯಿ, ಮಳಿಕಾಲ ಅಲ್ಲ, ಮಳಿಗಾಲ" ಅಂದೆ ನಾನು. ಎಲ್ಲರೂ ನಕ್ಕರು. ಆಯಿಯೂ ನಕ್ಕಳು, ಚಹಾ ತರಲು ಒಳಗೆ ಹೋದಳು. ಅವರು ಹೊರಡುವ ತನಕ ಆಕೆ ಮತ್ತೆ ಕನ್ನಡ ಮಾತಾಡಲಿಲ್ಲ. ಆಮೇಲೆ ಧಾರವಾಡದಿಂದ ಫೋನ್ ಬಂದರೆ ಸೀದಾ ನನ್ನ ಕೈಗೆ.

ಆಯಿಯ ತವರು ಕಣಕುಂಬಿ, ಮಲಪ್ರಭೆ ಹುಟ್ಟುವ ಊರು. ಮನೆಮಾತು ಮರಾಠಿ, ಕಲಿತದ್ದೂ ಮರಾಠಿ ಶಾಲೆ. ಕನ್ನಡ ಬಂದದ್ದು ಮದುವೆಯಾಗಿ ಬೆಳಗಾವಿಗೆ ಬಂದ ಮೇಲೆ. ಪಕ್ಕದ ಮನೆಯವರಿಂದ, ಕಾಯಿಪಲ್ಲೆ ಮಾರುವವರಿಂದ.

ಆಗಸ್ಟ್‌ನಲ್ಲಿ ಇಬ್ಬರೂ ತವರಿಗೆ ಹೊರಟೆವು. ಜಾಂಬೋಟಿ ದಾಟಿದ ಮೇಲೆ ಬಸ್ಸಿನ ಗಾಜಿನಾಚೆ ಏನೂ ಕಾಣದಂಥ ಮಳೆ. ಧೈರ್ಯ ಮಾಡಿ ಕೇಳಿದೆ, ಅವತ್ತು ಬೇಜಾರಾಯ್ತಾ ಅಂತ. ಮರಾಠಿಯಲ್ಲೇ ಹೇಳಿದಳು: "ನಮ್ಮಲ್ಲಿ ಗಾಲ್ ಅಂದ್ರೆ ಕೆನ್ನೆ. ಮಳೆಗೆಲ್ಲಿಯ ಕೆನ್ನೆ? ನೀವೆಲ್ಲ ಅವಸರದಲ್ಲಿ ಹಾಗೆ ಅಂತೀರಿ ಅಂದ್ಕೊಂಡು, ನಾನು ಸರಿಯಾಗಿ ಕಾಲ ಅಂತಿದ್ದೆ."

ಇಷ್ಟು ವರ್ಷ ಆಕೆ ಮನಸ್ಸಿನಲ್ಲೇ ನಮ್ಮನ್ನು ತಿದ್ದುತ್ತಿದ್ದಳು! ನನಗೋ, ಆ ಗಾಲದೊಳಗೆ ಒಂದು ಕಾಲ ಇದೆ ಅಂತ ಕಿವಿಗೆ ಬಿದ್ದದ್ದೇ ಇಲ್ಲ. ಮಳೆಗಾಲ ಒಂದೇ ಉಂಡೆ.

ಆದೇಶ ಸಂಧಿ ನೆನಪಿದೆಯಲ್ಲ? ಎರಡನೇ ಪದದ ಮೊದಲಿನ ಕ, ತ, ಪ ಹೋಗಿ ಗ, ದ, ಬ. 13ನೇ ಶತಮಾನದ ಕೇಶಿರಾಜ ಇದಕ್ಕೆ ಸೂತ್ರ ಬರೆದ, ನಾವು ಎರಡು ಮಾರ್ಕಿಗೆ ಬಾಯಿಪಾಠ ಮಾಡಿದೆವು. ಬಸ್ಸಿನಲ್ಲೇ ಆಯಿಗೆ ವಿವರಿಸಿದೆ. ತಕ್ಷಣ ಕೇಳಿದಳು, "ಮತ್ತ ಬ್ಯಾಸಗಿಗಾಲ ಯಾಕ ಅನ್ನೂದಿಲ್ಲ?" ಉತ್ತರ ಇರಲಿಲ್ಲ. ಯೋಚಿಸಿದರೆ ನಾನೇ ಒಂದು ದಿನ ಮನೆಗೆಲಸ ಅಂತೀನಿ, ಇನ್ನೊಂದು ದಿನ ಮನೆಕೆಲಸ. ಹೂದೋಟ, ಹೂತೋಟ ಎರಡೂ ನಡೆಯುತ್ತವೆ. ಕಂಬನಿಯೊಳಗಿನ ಪನಿ, ಅಂದರೆ ಈಗಿನ ಹನಿ, ಎಷ್ಟು ಜನರಿಗೆ ಕೇಳಿಸುತ್ತದೆ? ದೂರದ ವೇಲ್ಸ್ ಭಾಷೆಯಲ್ಲೂ ಇಂಥದ್ದೇ: ಬೆಕ್ಕು 'ಕಾಥ್', ಅವನ ಬೆಕ್ಕು 'ಇ ಗಾಥ್'. ಅಲ್ಲಿಯೂ ಆಡುಮಾತಿನಲ್ಲಿ ಎಷ್ಟೋ ಜನ ಅದನ್ನು ಬಿಟ್ಟೇ ಮಾತಾಡುತ್ತಾರೆ, ಮತ್ತೊಬ್ಬರ ಕಿವಿಗೆ ಅದು ಚುಚ್ಚುತ್ತದೆ.

ಆಮೇಲೆ ಆಯಿಗೆ ಅವಳದೇ ಪದ ಹೇಳಿದೆ. ಮರಾಠಿಯ ಉನ್ಹಾಳಾ ಬಂದದ್ದು ಉಷ್ಣಕಾಲದಿಂದ. ಅಲ್ಲಿ ಕಾಲದ 'ಕ' ಪೂರ್ತಿ ಕರಗಿಹೋಗಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅರೇ, ಹೌದಲ್ಲ!" ಅಂತ ನಕ್ಕಳು.

ಮುಂದಿನ ವಾರ ಧಾರವಾಡದ ಫೋನನ್ನು ಆಯಿಯೇ ಎತ್ತಿದಳು. "ಊರಾಗ ಮಳಿ ಭಾಳ ಜೋರ್ ಐತ್ರಿ" ಅಂದಳು. ಕಾಲವೂ ಇಲ್ಲ, ಗಾಲವೂ ಇಲ್ಲ. ನಾನು ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಾ ಕೇಳಿಸಿಕೊಂಡೆ.