ಮೆಂತ್ಯದ ನೆಂಟ ಬೆಳೆಯುವ ಊರು

ಊರಿನಿಂದ ಅಪ್ಪ-ಅಮ್ಮನೋ ಅತ್ತೆ-ಮಾವನೋ ಬಂದಾಗ ಅವರನ್ನು ಎಲ್ಲಿಗೆ ಕರೆದುಕೊಂಡು ಹೋಗುತ್ತೀರಿ? ಮೆಲ್ಬರ್ನ್‌ನವರೆಲ್ಲ ಮಾಡುವುದನ್ನೇ ನಾವೂ ಮಾಡಿದೆವು: ಗ್ರೇಟ್ ಓಷನ್ ರೋಡ್, ಫಿಲಿಪ್ ದ್ವೀಪದ ಪೆಂಗ್ವಿನ್, ಕ್ಯಾರಂ ಡೌನ್ಸ್‌ನ ದೇವಸ್ಥಾನ. ಮಾವ ಎಲ್ಲಕ್ಕೂ "ಚೆನ್ನಾಗದೆ" ಎಂದರು. ಮದ್ದೂರಿನ ಹತ್ತಿರ ವಿಶ್ವೇಶ್ವರಯ್ಯ ನಾಲೆಯ ನೀರಿನಲ್ಲಿ ಕಬ್ಬು, ಭತ್ತ ಬೆಳೆದು, ಹಸು ಕಟ್ಟಿಕೊಂಡು ಬದುಕಿದವರು. ಮೂರನೇ ವಾರದ ಹೊತ್ತಿಗೆ ಸೋಫಾದ ಮೇಲೆ ಸುಮ್ಮನೆ ಕೂತುಬಿಟ್ಟರು. ಒಂಬತ್ತು ವರ್ಷದ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಆದರೆ ಬಾಯಿಗೆ ಬರುವುದು ಇಂಗ್ಲಿಷ್. ತಾತ-ಮೊಮ್ಮಗಳ ಮಾತು "ಊಟ ಆಯ್ತಾ", "ಆಯ್ತು" ಎಂಬಲ್ಲಿಗೆ ನಿಂತಿತ್ತು.

ನಿಮ್ಮ ಮನೆಯಲ್ಲೂ ಹೀಗೇ ಆಗಿದ್ದರೆ, ಅಕ್ಟೋಬರಿನ ಒಂದು ಶನಿವಾರ ಶೆಪ್ಪರ್ಟನ್ ಕಡೆಗೆ ಗಾಡಿ ತಿರುಗಿಸಿ. ಎರಡು ಗಂಟೆಗಿಂತ ಸ್ವಲ್ಪ ಹೆಚ್ಚಿನ ದಾರಿ.

ದಾರಿಯಲ್ಲಿ ನಗಾಂಬಿಯ ಬಳಿ ಗೋಲ್ಬರ್ನ್ ಅಣೆಕಟ್ಟೆ ಸಿಗುತ್ತದೆ. 1887ರಲ್ಲಿ ಶುರುವಾಗಿ 1891ಕ್ಕೆ ಮುಗಿದದ್ದು. ನದಿಯ ಮಟ್ಟವನ್ನು ಎತ್ತರಿಸಿ, ನೀರು ತಾನಾಗಿಯೇ ನಾಲೆಗಳಿಗೆ ಹರಿಯುವಂತೆ ಮಾಡುವುದಷ್ಟೇ ಅದರ ಕೆಲಸ. ವಿಕ್ಟೋರಿಯಾಕ್ಕೆ 1886ರ ನೀರಾವರಿ ಕಾಯ್ದೆಯನ್ನು ತಂದ ಆಲ್‌ಫ್ರೆಡ್ ಡೀಕಿನ್, ಮುಂದೆ ಆಸ್ಟ್ರೇಲಿಯಾದ ಪ್ರಧಾನಿಯಾದವರು, ಭಾರತದ ನಾಲೆಗಳನ್ನು ನೋಡಲೆಂದೇ ಹೋಗಿಬಂದು 1893ರಲ್ಲಿ ಅದರ ಬಗ್ಗೆ ಪುಸ್ತಕ ಬರೆದರು. ಇದನ್ನು ಹೇಳಿದಾಗ ಮಾವ ಮೊದಲ ಸಲ ಕಾರಿನ ಕಿಟಕಿ ಇಳಿಸಿದರು.

ಅಲ್ಲಿಂದ ಮುಂದೆ ನೆಲ ಅಂಗೈಯಷ್ಟು ಸಮ. ವರ್ಷಕ್ಕೆ 450 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಸೀಮೆ. ಬೇಸಿಗೆಯಲ್ಲಿ ನಾಲೆ ಇಲ್ಲದ ಕಡೆ ಹುಲ್ಲೆಲ್ಲ ಒಣಗಿ ಹಳದಿ. ನಾಲೆ ಇರುವ ಕಡೆ ಮಾತ್ರ ಹಸಿರು, ಅದರ ಮೇಲೆ ಕಪ್ಪು-ಬಿಳಿ ಹಸುಗಳು. ಪರಿಚಯದವರೊಬ್ಬರ ಮೂಲಕ ಮೊದಲೇ ಕೇಳಿಕೊಂಡಿದ್ದರಿಂದ ಒಬ್ಬ ಹೈನು ರೈತರು ನಮ್ಮನ್ನು ಒಳಗೆ ಬಿಟ್ಟುಕೊಂಡರು.

ಮಗಳು ಬಗ್ಗಿ ಒಂದು ಎಲೆ ಕಿತ್ತು ಕೂಗಿದಳು: "ಮೆಂತ್ಯ ಸೊಪ್ಪು!"

ತಪ್ಪೇನಲ್ಲ. ಅದು ಬಿಳಿ ಕ್ಲೋವರ್. ಮೆಂತ್ಯಕ್ಕೂ ಅದಕ್ಕೂ ಹತ್ತಿರದ ನೆಂಟಸ್ತಿಕೆ. ಎರಡಕ್ಕೂ ಒಂದು ತೊಟ್ಟಿಗೆ ಮೂರು ಎಲೆ. ರೈತರು ಒಂದು ಗಿಡ ಅಗೆದು ಬೇರಿನ ಪುಟ್ಟ ಗಂಟುಗಳನ್ನು ಉಗುರಿನಿಂದ ಸೀಳಿದರು. ಒಳಗೆ ಗುಲಾಬಿ ಬಣ್ಣ. ಆ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತವೆ, ಪಕ್ಕದ ಹುಲ್ಲಿಗೂ ಕ್ರಮೇಣ ಅದರ ಪಾಲು ಸಿಗುತ್ತದೆ. "ಹುರುಳಿ ಬೇರಲ್ಲೂ ಹಿಂಗೇ ಇರ್ತವೆ ಅಂತ ಹೇಳವ್ವ" ಎಂದರು ಮಾವ. ಹುರುಳಿಗೆ ಇಂಗ್ಲಿಷ್ ಗೊತ್ತಿಲ್ಲದ ಮಗಳು, "ನಮ್ಮನೆ ಬಸ್ಸಾರಿನ ಕಾಳು" ಎಂದು ಅನುವಾದಿಸಿದಳು. ನಾನು ಬಾಯಿ ಹಾಕಲು ಹೋದೆ, ಗಂಡ ಕೈ ಅದುಮಿದರು.

ಆಮೇಲೆ ಪ್ರಶ್ನೆಗಳ ಸಾಲು. "ಎಷ್ಟು ದಿನಕ್ಕೊಂದ್ ನೀರು ಕಟ್ತಾರಂತೆ ಕೇಳು." ವಸಂತದಲ್ಲಿ ಸುಮಾರು ಎರಡು ವಾರಕ್ಕೊಮ್ಮೆ, ಜನವರಿಯ ಬಿಸಿಲಿನಲ್ಲಿ ವಾರಕ್ಕೊಮ್ಮೆ. ಬಿಳಿ ಕ್ಲೋವರ್‌ನ ತಾಯಿಬೇರು ಒಂದೆರಡು ವರ್ಷದಲ್ಲಿ ಸಾಯುತ್ತದೆ. ಆಮೇಲೆ ಗಿಡ ಬದುಕುವುದು ನೆಲದ ಮೇಲೆ ಹರಿದಾಡುವ ಬಳ್ಳಿಯ ಗಿಣ್ಣುಗಳಿಂದ ಇಳಿದ ಸಣ್ಣ ಬೇರುಗಳಿಂದ. ಅವು ಆಳಕ್ಕೆ ಹೋಗುವುದಿಲ್ಲ. ಆದ್ದರಿಂದ ಒಂದು ಸರದಿ ತಪ್ಪಿದರೆ ಹುಲ್ಲಿಗಿಂತ ಮೊದಲು ಬಾಡುವುದು ಕ್ಲೋವರ್.

"ಹಂಗಾದ್ರೆ ಜಾಸ್ತಿ ನೀರು ಬುಟ್ರೆ?" ಅದೂ ಆಗದು. ಹೊಲವನ್ನು ಸಣ್ಣ ಇಳಿಜಾರಿನ ಉದ್ದನೆಯ ಮಡಿಗಳಾಗಿ ಮಾಡಿ, ನಡುವೆ ಬದು ಹಾಕಿದ್ದಾರೆ. ಮೇಲ್ಗಡೆ ಬಿಟ್ಟ ನೀರು ಕೆಲವೇ ಗಂಟೆಗಳಲ್ಲಿ ಕೆಳತುದಿ ಮುಟ್ಟಿ ಹೊರಗೆ ಹೋಗಬೇಕು. ಜೇಡಿಮಣ್ಣಿನ ಮೇಲೆ ನಿಂತರೆ ಬೇರಿಗೂ ಗಂಟಿಗೂ ಗಾಳಿ ಸಿಗದು. ಇಂಗಿದ್ದು ಅತಿಯಾದರೆ ಅಂತರ್ಜಲ ಮೇಲೆದ್ದು ಉಪ್ಪನ್ನು ಹೊತ್ತು ತರುತ್ತದೆ. ಈ ಸೀಮೆಯನ್ನು ಬಹುಕಾಲ ಕಾಡಿದ ತೊಂದರೆ ಇದು. "ಜೌಗು, ಆಮೇಲೆ ಚೌಳು" ಎಂದರು ಮಾವ. ಮಗಳಿಗೆ ಎರಡು ಹೊಸ ಪದ.

ಹಸುವಿನ ಲೆಕ್ಕವೂ ಹೀಗೇ. ಕರೆಂಟ್ ಬೇಲಿಯಿಂದ ಹೊಲವನ್ನು ತುಂಡು ಮಾಡಿ, ಒಂದು ತುಂಡಿನಲ್ಲಿ ಒಂದು ದಿನವೋ ಅರ್ಧ ದಿನವೋ ಮೇಯಿಸಿ ಹೊರಗೆ ಹೊಡೆಯುತ್ತಾರೆ. ಮತ್ತೆ ಅಲ್ಲಿಗೆ ಬರುವುದು, ವಸಂತದಲ್ಲಾದರೆ, ಸುಮಾರು ಮೂರು ವಾರದ ಮೇಲೆ. ಜೊತೆಗೆ ಬೆಳೆಯುವ ರೈಗ್ರಾಸ್ ಹುಲ್ಲಿನ ಕುಡಿಯಲ್ಲಿ ಮೂರನೆಯ ಎಲೆ ಬರುವುದೇ ಗುರುತು. ತಡ ಮಾಡಿದರೆ ಹುಲ್ಲು ಎತ್ತರ ಬೆಳೆದು, ಕೆಳಗಿನ ಕ್ಲೋವರ್ ಬಳ್ಳಿಗೆ ಬೆಳಕು ಸಿಗದೆ ಅದು ತೆಳುವಾಗುತ್ತದೆ. ಬೋಳಾಗುವಷ್ಟು ಮೇಯಿಸಿದರೆ ಬಳ್ಳಿ ಬಿಸಿಲಿಗೆ ಬೇಯುತ್ತದೆ. ಮೇಯಿಸಿ ಬಿಟ್ಟ ತುಂಡಿನಲ್ಲಿ ಮಾವ ಕೈಯಿಟ್ಟು ಅಳೆದರು: ಮೂರು ಬೆರಳು ಹುಲ್ಲು ಉಳಿದಿತ್ತು. ಮೇಯಿಸಿದ ಮೇಲೆಯೇ ನೀರು, ನೀರು ಕಟ್ಟಿದ ಹಸಿ ನೆಲಕ್ಕೆ ಹಸು ಇಳಿಸುವಂತಿಲ್ಲ. ಗೊರಸಿಗೆ ಬಳ್ಳಿ ತುಳಿದುಹೋಗುತ್ತದೆ. ಹಸಿದ ಹಸುವನ್ನು ಎಳೆ ಕ್ಲೋವರ್‌ಗೆ ಬಿಟ್ಟರೆ ಹೊಟ್ಟೆಯಲ್ಲಿ ನೊರೆ ಕಟ್ಟಿ ಉಬ್ಬರ ಬರುತ್ತದೆ, ಪ್ರಾಣಕ್ಕೂ ಅಪಾಯ. ಅದಕ್ಕೆ ಮಾವ ಅನುವಾದ ಕೇಳಲಿಲ್ಲ. ರೈತರು ಎಡಪಕ್ಕೆಯ ಮೇಲೆ ಕೈಯಾಡಿಸಿ ತೋರಿಸಿದ್ದೇ ಸಾಕಾಯಿತು.

ಕೊನೆಗೆ ಒಂದು ಹೊಲ. ಅಲ್ಲಿ ಬಿಳಿ ಕ್ಲೋವರ್ ಇರಲಿಲ್ಲ. 1997ರಿಂದ 2009ರವರೆಗಿನ ದೊಡ್ಡ ಬರಗಾಲದಲ್ಲಿ, 2002ರ ಬೇಸಿಗೆಗೆ ತನಗೆ ಬಂದ ನೀರು ಎಲ್ಲ ಹೊಲಕ್ಕೂ ಸಾಲಲಿಲ್ಲ ಎಂದರು ರೈತರು. ಇಂಥ ಹುಲ್ಲುಗಾವಲಿಗೆ ಒಂದು ಹೆಕ್ಟೇರಿಗೆ ವರ್ಷಕ್ಕೆ ಸುಮಾರು 8ರಿಂದ 10 ಮೆಗಾಲೀಟರ್ ಬೇಕು. ಒಂದು ಮೆಗಾಲೀಟರ್ ಎಂದರೆ 10 ಲಕ್ಷ ಲೀಟರ್. ಯಾವ ಹೊಲ ಉಳಿಸಬೇಕು, ಯಾವುದನ್ನು ಸಾಯಲು ಬಿಡಬೇಕು ಎಂದು ಅವರೇ ಆರಿಸಬೇಕಾಯಿತು. ಈಗ ಅಲ್ಲಿ ಪರ್ಷಿಯನ್ ಕ್ಲೋವರ್ ಹಾಕುತ್ತಾರೆ. ಬೇಸಿಗೆಯ ಕೊನೆಗೆ ನೀರು ಕೊಟ್ಟು ಮೊಳಕೆ ಬರಿಸಿದರೆ ಚಳಿಗಾಲದ ಮಳೆಯಲ್ಲಿ ಬೆಳೆದು, ಮುಂದಿನ ಬೇಸಿಗೆಯ ಬಿಸಿಲಿಗೆ ಮೊದಲೇ ಮುಗಿಯುತ್ತದೆ. ನೀರೂ ಕಡಿಮೆ ಸಾಕು.

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಮ್ಗೂ ಅದೇ ವರ್ಷ ನಾಲೆ ಕೈಕೊಡ್ತು ಅಂತ ಹೇಳವ್ವ. ನಾಟಿ ಹಾಕ್ಲಿಲ್ಲ. ಎರಡು ಹಸ ಮಾರ್ದೆ."

ಮಗಳು ಹೇಳಿದಳು. ಹೇಳುತ್ತ ದನಿ ಸಣ್ಣದಾಯಿತು, ಏಕೆಂದರೆ ಅವಳಿಗೂ ಅದು ಹೊಸ ಸುದ್ದಿ. ನನಗೂ ಗೊತ್ತಿರಲಿಲ್ಲ. 2002ರಲ್ಲಿ ಪೆಸಿಫಿಕ್ ಸಾಗರ ಬಿಸಿಯಾಗಿ ಎಲ್ ನಿನೊ ಬಂದಿತ್ತು. ಅದು ನಮ್ಮ ಮುಂಗಾರನ್ನೂ ಸೊರಗಿಸುತ್ತದೆ, ಪೂರ್ವ ಆಸ್ಟ್ರೇಲಿಯಾವನ್ನೂ ಒಣಗಿಸುತ್ತದೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದ ಈ ಇಬ್ಬರು ಒಂದೇ ವರ್ಷ ಬರಿದಾದ ನಾಲೆಯ ಮುಂದೆ ನಿಂತಿದ್ದರು.

ನೀವು ಹೋಗುವುದಾದರೆ ಒಂದೆರಡು ಮಾತು. ಅನುಮತಿ ಇಲ್ಲದೆ ಯಾರ ಹೊಲಕ್ಕೂ ಇಳಿಯಬೇಡಿ. ಬೂಟು ತೊಳೆದುಕೊಂಡು ಹೋಗಿ, ಬೇಲಿ ಮುಟ್ಟದಂತೆ ಮಕ್ಕಳಿಗೆ ಹೇಳಿ. ನಾಲೆಗೆ ನೀರು ಬಿಡುವುದು ಆಗಸ್ಟ್ ಮಧ್ಯದಿಂದ ಮೇ ಮಧ್ಯದವರೆಗೆ. ಕ್ಲೋವರ್ ಹೂ ನೋಡಬೇಕಿದ್ದರೆ ಅಕ್ಟೋಬರ್, ನವೆಂಬರ್ ಒಳ್ಳೆಯದು. ಮುಖ್ಯವಾಗಿ, ನಡುವೆ ನಿಂತು ನೀವೇ ಅನುವಾದ ಮಾಡಬೇಡಿ. ಪದ ಸಿಗದೆ ಮಗು ತಡವರಿಸಿದರೂ ಬಿಟ್ಟುಬಿಡಿ.

ಮಾರನೆಯ ಬೆಳಗ್ಗೆ ನಾನು ಕಾಫಿ ಸೋಸುತ್ತಿದ್ದೆ. ಸೋಫಾದ ಕಡೆಯಿಂದ ಮಗಳ ದನಿ ಕೇಳಿಸಿತು, ಕನ್ನಡದಲ್ಲಿ.

"ತಾತ, ಆ ಎರಡು ಹಸು ಹೆಸರು ಏನು?"